ಒಳ್ಳೆ ವಕೀಲರು ನಮ್ಮ ಸಂಬಳಕ್ಕೆ ಎಟುಕುತ್ತಾರಾ?

ಪ್ರಶ್ನೆ: ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೈಗೆ 13,500 ರೂಪಾಯಿ ಬರುತ್ತದೆ. ಯಜಮಾನರು ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್, ಅವರಿಗೆ 20,000. ಮನೆ ದಾಸರಹಳ್ಳಿಯಲ್ಲಿ. ನಾಲ್ಕು ತಿಂಗಳ ಹಿಂದೆ ಎರಡನೇ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ನೆಲಮಂಗಲದ ಹತ್ತಿರ ಕ್ಯಾಂಟರ್ ಗುದ್ದಿ ಅವರ ಬಲಗಾಲು ಮುರಿಯಿತು. ರಾಡ್ ಹಾಕಿದ್ದಾರೆ. ಅವರಿಗೆ 38 ವರ್ಷ. ಆಸ್ಪತ್ರೆಗೇ ಒಬ್ಬರು ಬಂದು, ‘ಈಗ ಒಂದು ರೂಪಾಯಿ ಕೊಡಬೇಡಿ, ಪರಿಹಾರ ಬಂದಾಗ ಶೇ. 30 ಕೊಟ್ಟರೆ ಸಾಕು, ನಮ್ಮ ವಕೀಲರು ಎಲ್ಲ ನೋಡಿಕೊಳ್ಳುತ್ತಾರೆ’ ಅಂತ ಹೇಳಿ ಐದಾರು ಕಡೆ ಸಹಿ ಹಾಕಿಸಿಕೊಂಡು ಹೋದರು. ಎರಡು ಹಾಳೆ ಖಾಲಿ ಇದ್ದವು. ಈಗ ಫೋನ್ ಎತ್ತುವುದಿಲ್ಲ. ಇನ್ನೊಂದು ಕಡೆ, ಕುಣಿಗಲ್ ಹತ್ತಿರದ ನಮ್ಮ ಊರಿನಲ್ಲಿ ತೀರಿಕೊಂಡ ಅಪ್ಪನ ಜಮೀನನ್ನು ಅಣ್ಣಂದಿರು ನನ್ನನ್ನು ಬಿಟ್ಟು ಖಾತೆ ಮಾಡಿಸಿಕೊಂಡಿದ್ದಾರೆ. ಅಲ್ಲಿನ ವಕೀಲರೊಬ್ಬರು ಮೊದಲೇ 50,000 ಕೊಡಿ ಅಂದರು. ಉಚಿತ ವಕೀಲರು ಸಿಗುತ್ತಾರಂತೆ, ಆದರೆ ವರ್ಷಕ್ಕೆ 3 ಲಕ್ಷ ದಾಟಿದವರಿಗೆ ಇಲ್ಲ ಅಂತ ಯಾರೋ ಹೇಳಿದರು. ಸಿಕ್ಕರೂ ಅವರು ಮನಸ್ಸಿಟ್ಟು ಕೇಸು ನಡೆಸುವುದಿಲ್ಲವಂತೆ. ನಮ್ಮಂಥವರಿಗೆ ಒಳ್ಳೆ ವಕೀಲರು ಎಟುಕುವುದು ಹೇಗೆ?

ಉತ್ತರ: ತಾಯಿ, ಮೊದಲು ಆ 3 ಲಕ್ಷದ ಮಾತು ತೆಗೆದುಕೊಳ್ಳುತ್ತೇನೆ. ನಿಮ್ಮನ್ನು ಬಾಗಿಲಲ್ಲೇ ತಡೆದಿರುವುದು ಅದು, ಮತ್ತು ಅದು ಅರ್ಧ ಮಾತ್ರ ನಿಜ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂದದ್ದು 1987ರಲ್ಲಿ. ಅದರ 12ನೇ ಕಲಮಿನಲ್ಲಿ ಯಾರಿಗೆ ಉಚಿತ ವಕೀಲರನ್ನು ಕೊಡಬೇಕು ಎಂಬ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಜೀತ ಅಥವಾ ಮಾನವ ಸಾಗಣೆಗೆ ಸಿಕ್ಕವರು, ನೆರೆ ಬರ ಭೂಕಂಪಗಳಲ್ಲಿ ನೊಂದವರು, ಬಂಧನದಲ್ಲಿರುವವರು ಆ ಪಟ್ಟಿಯಲ್ಲಿದ್ದಾರೆ. ಅವರ ಜೊತೆಗೇ ಎರಡೇ ಶಬ್ದದ ಒಂದು ಸಾಲಿದೆ: ಕೈಗಾರಿಕಾ ಕಾರ್ಮಿಕ. ಇವರು ಯಾರಿಗೂ ವರಮಾನದ ಮಿತಿ ಇಲ್ಲ. ಪಟ್ಟಿಯ ಕೊನೆಯಲ್ಲಿ, ಈ ಯಾವ ಗುಂಪಿಗೂ ಸೇರದ ಬಡವರಿಗಾಗಿ ಇನ್ನೊಂದು ಸಾಲನ್ನು ಸೇರಿಸಿದ್ದಾರೆ. ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ಎಂಬ ಮಿತಿ ಅನ್ವಯಿಸುವುದು ಆ ಕೊನೆಯ ಸಾಲಿಗೆ ಮಾತ್ರ.

ಈಗ ನಿಮ್ಮ ಮನೆಗೆ ಬನ್ನಿ. ಜಮೀನಿನ ಪಾಲು ಕೇಳುವವರು ನೀವು, ಹೆಂಗಸು. ನಿಮ್ಮ ಮನೆಯ ಆದಾಯ 4 ಲಕ್ಷವಿರಲಿ, 40 ಲಕ್ಷವಿರಲಿ, ಉಚಿತ ವಕೀಲರು ನಿಮ್ಮ ಹಕ್ಕು. ಅಪಘಾತದ ಪರಿಹಾರ ಕೇಳಬೇಕಾದವರು ಗಾಯಗೊಂಡ ನಿಮ್ಮ ಯಜಮಾನರು. ಅವರ ಅರ್ಜಿ ಅವರ ಹೆಸರಿನಲ್ಲೇ ಹೋಗಬೇಕು, ಅಲ್ಲಿ ನಿಮ್ಮ ಸಾಲು ಉಪಯೋಗಕ್ಕೆ ಬರುವುದಿಲ್ಲ. ಆದರೆ ಅವರು ಲೇತ್ ಆಪರೇಟರ್. ಫ್ಯಾಕ್ಟರಿಯ ಗುರುತಿನ ಚೀಟಿ, ಸಂಬಳದ ಚೀಟಿ, ಇಎಸ್‌ಐ ಕಾರ್ಡು ಇವುಗಳನ್ನು ತೋರಿಸಿ ‘ಕೈಗಾರಿಕಾ ಕಾರ್ಮಿಕ’ ಅಂತ ಅರ್ಜಿ ಹಾಕಿದರೆ 3 ಲಕ್ಷದ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಮನೆ, ಎರಡು ಕೇಸು, ಎರಡಕ್ಕೂ ಹಕ್ಕಿದೆ. ಇಪ್ಪತ್ತಾರು ವರ್ಷದ ವಕೀಲಿಕೆಯಲ್ಲಿ, ಅದರಲ್ಲಿ ಹನ್ನೊಂದು ವರ್ಷ ಕಾನೂನು ನೆರವಿನ ಪ್ಯಾನೆಲ್‌ನಲ್ಲಿ, ಅಂದರೆ ಉಚಿತ ಕೇಸು ನಡೆಸುವ ವಕೀಲರ ಪಟ್ಟಿಯಲ್ಲಿದ್ದಾಗ, ಫ್ಯಾಕ್ಟರಿ ಕೆಲಸಗಾರರು ಈ ಎರಡು ಶಬ್ದವನ್ನು ತಾವಾಗಿ ಕೇಳಿಕೊಂಡು ಬಂದದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಉಚಿತ ಅಂದರೆ ತೀರಾ ಗತಿಯಿಲ್ಲದವರಿಗೆ ಅಂತ ನಮ್ಮ ಜನ ತಾವೇ ಹಿಂದೆ ಸರಿಯುತ್ತಾರೆ. ಇದು ಯಾರೋ ಕೊಡುವ ದಾನವಲ್ಲ. ಹಣವಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಅಂತ 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಅದರ ಮೇಲೆ ನಿಂತಿರುವ ಕಾನೂನು ಇದು.

ಎಲ್ಲಿಗೆ ಹೋಗಬೇಕು? 15100ಕ್ಕೆ ಫೋನ್ ಮಾಡಿ, ಕರೆ ಉಚಿತ, ನಿಮ್ಮ ವಿಳಾಸಕ್ಕೆ ಯಾವ ಕಚೇರಿ ಅಂತ ಹೇಳುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಅರ್ಜಿ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಬರೆಯಲು ಬರದವರು ಬಾಯಲ್ಲಿ ಹೇಳಿದರೂ ಅಲ್ಲಿಯವರು ಬರೆದುಕೊಳ್ಳಬೇಕು. ಅರ್ಜಿಯ ಮೇಲೆ ಏಳು ದಿನದೊಳಗೆ ತೀರ್ಮಾನ ಹೇಳಬೇಕು ಅಂತ ನಿಯಮವಿದೆ. ಹಾಗಾಗಿ ಅರ್ಜಿ ಕೊಟ್ಟಾಗ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಮೇಲ್ಮನವಿಗೆ ಅವಕಾಶ ಇದೆ. ವಕೀಲರ ಫೀಸು ಮಾತ್ರವಲ್ಲ, ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಪ್ರೋಸೆಸ್ ಫೀಸು, ಟೈಪಿಂಗು, ದಾಖಲೆಗಳ ದೃಢೀಕೃತ ನಕಲು ಇವುಗಳ ಖರ್ಚೂ ನೆರವಿನಲ್ಲಿ ಸೇರುತ್ತದೆ.

ಇನ್ನು ನಿಮ್ಮ ನಿಜವಾದ ಭಯ: ಉಚಿತ ವಕೀಲರು ಚೆನ್ನಾಗಿ ನಡೆಸುತ್ತಾರಾ?

ಒಳ್ಳೆ ವಕೀಲಿಕೆ ಅಂದರೆ ಏನು ಅಂತ ನಿಮಗೆ ಒಂದು ಕೇಸಿನಿಂದ ತೋರಿಸುತ್ತೇನೆ. ಕೆಲವು ವರ್ಷದ ಹಿಂದೆ ನಿಮ್ಮ ಹಾಗೆಯೇ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಎಕ್ಸ್‌ರೇ, ಮಾತ್ರೆ ಚೀಟಿ, ಡಿಸ್‌ಚಾರ್ಜ್ ಸಮರಿ ಎಲ್ಲ ತುರುಕಿಕೊಂಡು ಬಂದಿದ್ದಳು. ನಾನು ಎಫ್‌ಐಆರ್ ಓದಿದೆ, ಟೆಂಪೋ ಡಿಕ್ಕಿ ಅಂತ ಇತ್ತು. ಡಿಸ್‌ಚಾರ್ಜ್ ಸಮರಿಯ ಮೊದಲ ಪುಟದಲ್ಲಿ, ಗಾಯ ಹೇಗಾಯಿತು ಅನ್ನುವ ಕಡೆ, ‘ಬೈಕಿನಿಂದ ತಾನೇ ಬಿದ್ದದ್ದು’ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ರಾತ್ರಿ ಹನ್ನೊಂದೂವರೆಗೆ ಕರೆತಂದ ಪಕ್ಕದ ಮನೆ ಹುಡುಗ ಗಾಬರಿಯಲ್ಲಿ ‘ಬೈಕಿಂದ ಬಿದ್ದ ಸಾರ್’ ಅಂದಿದ್ದ, ಡ್ಯೂಟಿ ಡಾಕ್ಟರು ಅದನ್ನೇ ಬರೆದಿದ್ದರು. ಆ ಒಂದು ಸಾಲು ಸಾಕು, ಇನ್ಶೂರೆನ್ಸ್ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿದು ಟೆಂಪೋ ಬಂದದ್ದೇ ಸುಳ್ಳು ಅನ್ನುತ್ತಾರೆ. ನಾವು ಮೊದಲ ವಾರದಲ್ಲೇ 108 ಆಂಬುಲೆನ್ಸಿನ ದಾಖಲೆ, ಮೊದಲು ಕರೆದೊಯ್ದ ಸಣ್ಣ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನ (ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆಯುವ ಪುಸ್ತಕ) ನಕಲು, ಸ್ಥಳ ಮಹಜರು, ಟೆಂಪೋದ ಬಂಪರ್ ಜಜ್ಜಿದ್ದನ್ನು ಬರೆದ ಮೋಟಾರು ವಾಹನ ನಿರೀಕ್ಷಕರ ವರದಿ ಎಲ್ಲ ತರಿಸಿದೆವು. ಆ ಹುಡುಗನನ್ನೂ ಸಾಕ್ಷಿ ಕಟ್ಟೆಗೆ ಕರೆತಂದೆವು. ಕೇಸು ಉಳಿಯಿತು. ವಾದದ ದಿನ ನಾನು ಮಾತಾಡಿದ್ದು ಹತ್ತು ನಿಮಿಷ. ಕೆಲಸ ಆದದ್ದು ಆ ಕವರನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಕಾಗದ ಓದಿದ ಆ ಮೊದಲ ಮಧ್ಯಾಹ್ನ.

ಗಟ್ಟಿ ಗಂಟಲು, ದೊಡ್ಡ ಕಾರು, ಗೋಡೆ ತುಂಬ ಪುಸ್ತಕ ನೋಡಿ ವಕೀಲರನ್ನು ಅಳೆಯಬೇಡಿ. ಕಾಗದ ಓದುತ್ತಾರಾ, ಓದಿ ನಿಮಗೆ ಪ್ರಶ್ನೆ ಕೇಳುತ್ತಾರಾ, ಅದನ್ನು ನೋಡಿ. ಇದನ್ನು ಮಾಡುವವರು ಪ್ಯಾನೆಲ್‌ನಲ್ಲೂ ಇದ್ದಾರೆ, ಮಾಡದವರು ದುಬಾರಿ ಫೀಸು ತೆಗೆದುಕೊಳ್ಳುವವರಲ್ಲೂ ಇದ್ದಾರೆ.

ಆದರೂ ಒಂದು ಸತ್ಯವನ್ನು ಮುಚ್ಚಿಡಲಾರೆ. ಪ್ಯಾನೆಲ್ ವಕೀಲರಲ್ಲಿ ಕೆಲವರು ಮುತುವರ್ಜಿ ವಹಿಸುವುದಿಲ್ಲ. ಒಂದು ಕೇಸಿಗೆ ಸಿಗುವ ಸಂಭಾವನೆ ಕಡಿಮೆ, ಅದೂ ತಡವಾಗಿ ಬರುತ್ತದೆ. ಅನುಭವಿಗಳು ಕ್ರಮೇಣ ಪ್ಯಾನೆಲ್ ಬಿಡುತ್ತಾರೆ, ಹೊಸಬರ ಕೈಗೆ ದೊಡ್ಡ ಕೇಸು ಬೀಳುತ್ತದೆ. ಇದು ನಿಮ್ಮ ತಪ್ಪಲ್ಲ, ನೀವು ಸಹಿಸಿಕೊಳ್ಳಬೇಕಾದ್ದೂ ಇಲ್ಲ. ಈ ಕಾನೂನು ನೆರವಿನ 2010ರ ನಿಯಮಾವಳಿಯ ಹೆಸರಿನಲ್ಲೇ ‘ಉಚಿತ’ ಎಂಬುದರ ಪಕ್ಕ ‘ಸಮರ್ಥ’ ಎಂಬ ಮಾತಿದೆ. ಪ್ಯಾನೆಲ್ ಪಟ್ಟಿಯನ್ನು ನೋಡಲು ಕೇಳಿ. ಅದರಲ್ಲಿ ಅಪಘಾತದ ಕೇಸು ನಡೆಸುವವರು ಯಾರು ಅಂತ ಕೋರ್ಟಿನ ಕಾರಿಡಾರಿನಲ್ಲಿ ಇಬ್ಬರು ಮೂವರನ್ನು ವಿಚಾರಿಸಿ, ಅವರದೇ ಹೆಸರು ಅರ್ಜಿಯಲ್ಲಿ ಬರೆಯಿರಿ. ನಿಮ್ಮ ಆಯ್ಕೆಯನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆ. ವಕೀಲರು ಮೇಲಿಂದ ಮೇಲೆ ಗೈರಾದರೆ, ಅಥವಾ ‘ಆಫೀಸಿನ ಖರ್ಚಿಗೆ’ ಅಂತ ನೂರು ರೂಪಾಯಿ ಕೇಳಿದರೂ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ. ಆ ಹುದ್ದೆಯಲ್ಲಿರುವವರು ನ್ಯಾಯಾಧೀಶರು. ನೆರವಿನ ಕೇಸಿನಲ್ಲಿ ಕಕ್ಷಿದಾರರಿಂದ ಹಣ ಪಡೆಯುವಂತೆಯೇ ಇಲ್ಲ, ವಕೀಲರನ್ನು ಬದಲಿಸಿಕೊಡಿ ಅಂತ ಕೇಳುವ ಹಕ್ಕೂ ನಿಮಗಿದೆ. ಕೇಳಿದರೆ ಕೋಪ ಮಾಡಿಕೊಂಡಾರು ಅಂತ ಅಂಜಬೇಡಿ.

ಈಗ ಶೇ. 30ರ ವಿಷಯ. ಇದನ್ನು ಓದಿ ನನಗೆ ಸಂಕಟವಾಯಿತು, ಯಾಕೆಂದರೆ ನಿಮಗೆ ಸಮಯ ಕಡಿಮೆ ಉಳಿದಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ನಿಮ್ಮದು ನಾಲ್ಕು ತಿಂಗಳಾಗಿದೆ. ಆ ಮನುಷ್ಯ ಕೇಸು ಹಾಕಿಸಿದ್ದಾನೋ ಇಲ್ಲವೋ ಮೊದಲು ಪತ್ತೆ ಮಾಡಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಯಜಮಾನರ ಹೆಸರು ಹಾಕಿ ಹುಡುಕಿದರೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಈ ಕೇಸುಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ಅಪಘಾತ ನೆಲಮಂಗಲದಲ್ಲಾದರೂ ನೀವು ವಾಸವಿರುವ ಊರಿನಲ್ಲೇ ಅರ್ಜಿ ಹಾಕಲು ಕಾಯ್ದೆ ಬಿಡುತ್ತದೆ. ಕೇಸು ಹಾಕಿಲ್ಲವಾದರೆ ನಾಳೆಯೇ ನೆರವಿನ ಕಚೇರಿಗೆ ಹೋಗಿ, ಅವಧಿ ಮುಗಿಯುವ ತಾರೀಖನ್ನು ಅರ್ಜಿಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕೊಡಿ.

ಹಾಕಿದ್ದರೆ, ವಕಾಲತ್ತು ಹಾಕಿದ ಆ ವಕೀಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಬರೆಯಿರಿ: ನಮಗೆ ನೀವು ಬೇಡ, ದಾಖಲೆ ಮತ್ತು ಸಹಿ ಮಾಡಿದ ಖಾಲಿ ಹಾಳೆಗಳನ್ನು ಹಿಂದಿರುಗಿಸಿ, ಬೇರೆ ವಕೀಲರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ ಅಂತ ಎನ್‌ಒಸಿ ಕೊಡಿ. ಫೀಸು ಬಾಕಿ ಅಂತ ಕಕ್ಷಿದಾರರ ಕಾಗದಗಳನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಶೇಕಡಾ ಲೆಕ್ಕದ ಫೀಸಂತೂ ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಫಲಿತಾಂಶದ ಮೇಲೆ ಫೀಸು ಗೊತ್ತು ಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು. 2017ರಲ್ಲಿ ತೆಲಂಗಾಣದ ಒಂದು ಅಪಘಾತ ಪರಿಹಾರದ ಫೀಸಿನ ವಿವಾದದಲ್ಲಿ ಸುಪ್ರೀಂ ಕೋರ್ಟು ಇದನ್ನು ವೃತ್ತಿ ದುರ್ನಡತೆ ಅಂತ ಖಂಡಿಸಿತು. ಆಸ್ಪತ್ರೆಯ ಮಂಚದ ಬಳಿ ಬಂದವನು ವಕೀಲನೂ ಅಲ್ಲದಿರಬಹುದು. ಅಂಥ ದಲ್ಲಾಳಿಗಳಿಗೆ ಮೂರು ತಿಂಗಳವರೆಗೆ ಜೈಲು ಇದೆ ಅಂತ ವಕೀಲರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದಿದ್ದಾರೆ. ಕಾಗದ ವಾಪಸು ಬರದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಿ.

ಆ ಶೇ. 30 ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ಯಜಮಾನರ ವರ್ಷದ ಸಂಬಳ 2,40,000. ಅವರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಸಂಬಳವನ್ನು ಗುಣಿಸಬೇಕಾದ ಸಂಖ್ಯೆ, 15, ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಿಂದ. ಗುಣಿಸಿದರೆ 36 ಲಕ್ಷ. ಇದರಲ್ಲಿ ದುಡಿಯುವ ಶಕ್ತಿ ಎಷ್ಟು ಪಾಲು ಹೋಗಿದೆಯೋ ಅಷ್ಟು ಅವರಿಗೆ ಸೇರಬೇಕು. ಡಾಕ್ಟರು ಕಾಲಿಗೆ ಶೇ. 45 ಊನ ಅಂತ ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ. 15 ಹಿಡಿಯುವುದು ನಮ್ಮಲ್ಲಿ ರೂಢಿ. ಆಗ ಬರುವುದು 5,40,000. ಇದರಲ್ಲಿ ಶೇ. 30 ಅಂದರೆ 1,62,000. ಹೊಲಿಗೆ ಯಂತ್ರದ ಮುಂದೆ ನೀವು ಕೂತ ಒಂದು ಇಡೀ ವರ್ಷದ ಸಂಬಳ ಅದು.

ಒಳ್ಳೆ ವಕೀಲರ ಬೆಲೆಯೂ ಇದೇ ಲೆಕ್ಕದಲ್ಲಿದೆ. 2010ರ ರಾಜ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಕಾಲಿಗೆ ಎಷ್ಟು ಊನ ಅನ್ನುವುದಕ್ಕಿಂತ ಆ ಮನುಷ್ಯನ ಕೆಲಸಕ್ಕೆ ಎಷ್ಟು ಊನ ಅನ್ನುವುದನ್ನು ನೋಡಬೇಕು. ಲೇತ್ ಆಪರೇಟರ್ ಕೂತು ಕೆಲಸ ಮಾಡುವವನಲ್ಲ. ಪಾಳಿ ಪೂರ್ತಿ ನಿಂತು, ಬಾಗಿ, ಚಕ್ ಬಿಗಿದು, ತೂಕದ ಜಾಬ್ ಎತ್ತಿಡಬೇಕು. ಫ್ಯಾಕ್ಟರಿಯ ಸೂಪರ್‌ವೈಸರ್ ಬಂದು ಇದನ್ನು ಹೇಳಿದರೆ, ‘ಈಗ ಇವರನ್ನು ಹೆಲ್ಪರ್ ಕೆಲಸಕ್ಕೆ ಹಾಕಿದ್ದೇವೆ, ಸಂಬಳ ಇಳಿದಿದೆ’ ಅಂತ ಪತ್ರ ಕೊಟ್ಟರೆ, ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಶೇ. 15ರ ಬದಲು ಶೇ. 30 ಹಿಡಿಯಬಹುದು. ಆಗ 10,80,000. ಆಸ್ಪತ್ರೆ ಖರ್ಚು, ನೋವು, ರಜೆಯ ಸಂಬಳ, ಬಡ್ಡಿ ಇವು ಬೇರೆ. ಶೇಕಡಾ ಲೆಕ್ಕದವರು ಈ ಶ್ರಮಕ್ಕೆ ಹೋಗುವುದು ಅಪರೂಪ. ಬೇಗ ಮುಗಿದಷ್ಟೂ ಅವರಿಗೆ ಲಾಭ, ಇನ್ನೂರು ಕೇಸಿನಲ್ಲಿ ನಿಮ್ಮದೊಂದು.

ಇಲ್ಲಿ ರಾಜಿಯಲ್ಲಿ ಕೇಸು ಮುಗಿಸುವ ಲೋಕ್ ಅದಾಲತ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ತಿಂಗಳಿಗೊಮ್ಮೆ ಶನಿವಾರ ರಾಷ್ಟ್ರೀಯ ಲೋಕ್ ಅದಾಲತ್ ನಡೆಯುತ್ತದೆ, ಇನ್ಶೂರೆನ್ಸ್ ಕಂಪನಿಯವರು ಒಂದು ಮೊತ್ತ ಹೇಳುತ್ತಾರೆ. ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ, ಕೋರ್ಟ್ ಶುಲ್ಕ ವಾಪಸು ಬರುತ್ತದೆ, ನಾನೇ ನೂರಾರು ಕೇಸು ಅಲ್ಲಿ ಮುಗಿಸಿ ಸಮಾಧಾನಪಟ್ಟಿದ್ದೇನೆ. ಆದರೆ ಅಲ್ಲಿ ಸಹಿ ಮಾಡಿದರೆ ಮುಗಿಯಿತು, ಅದರ ಮೇಲೆ ಅಪೀಲು ಇಲ್ಲ. ಮೇಲಿನ ಲೆಕ್ಕವನ್ನು ನಿಮ್ಮ ವಕೀಲರು ಚೀಟಿಯಲ್ಲಿ ಬರೆದು ತೋರಿಸುವವರೆಗೆ ಸಹಿ ಮಾಡಬೇಡಿ. ರಾಡ್ ತೆಗೆಯುವ ಇನ್ನೊಂದು ಆಪರೇಷನ್ ಬಾಕಿ ಇರುವಾಗಲಂತೂ ಅವಸರ ಬೇಡವೇ ಬೇಡ.

ಪೊಲೀಸರ ಬಳಿಯೂ ಒಂದು ಕೆಲಸವಿದೆ. 2022ರಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ತನಿಖಾಧಿಕಾರಿ ನ್ಯಾಯಮಂಡಳಿಗೆ ಕೊಡಬೇಕು. ನಿಮ್ಮದು ನಾಲ್ಕು ತಿಂಗಳಾಗಿರುವುದರಿಂದ ಆ ವರದಿ ಹೋಗಿದೆಯಾ ಅಂತ ಸ್ಟೇಷನ್ನಿನಲ್ಲಿ ಕೇಳಿ ನಕಲು ಪಡೆಯಿರಿ. ಚಾಲಕನ ಲೈಸೆನ್ಸು, ಕ್ಯಾಂಟರಿನ ಇನ್ಶೂರೆನ್ಸು ಎಲ್ಲ ಅದರಲ್ಲೇ ಸಿಗುತ್ತದೆ. ಅದನ್ನು ತರಿಸಲು ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ.

ವಕೀಲರೇ ಬೇಡದ ಒಂದು ಬಾಬತ್ತೂ ನಿಮ್ಮಲ್ಲಿದೆ. ಸಂಬಳ 21,000ದ ಒಳಗಿರುವುದರಿಂದ ಯಜಮಾನರಿಗೆ ಇಎಸ್‌ಐ ಇರಲೇಬೇಕು. ಕೆಲಸಕ್ಕೆ ಹೋಗುವಾಗ ಬರುವಾಗ ದಾರಿಯಲ್ಲಾದ ಅಪಘಾತವನ್ನೂ, ಹೊತ್ತು ಮತ್ತು ಜಾಗ ಹೊಂದಿಕೆಯಾದರೆ, ಉದ್ಯೋಗದ ಗಾಯ ಅಂತಲೇ ಪರಿಗಣಿಸುತ್ತಾರೆ. ಆಗ ರಜೆಯ ದಿನಗಳಿಗೆ ಸಂಬಳದ ಸುಮಾರು ಶೇ. 90 ನಗದು ಸಿಗುತ್ತದೆ, ಬರಿಯ ಕಾಯಿಲೆ ರಜೆಯಾದರೆ ಶೇ. 70 ಮಾತ್ರ. ಫ್ಯಾಕ್ಟರಿಯವರು ಅಪಘಾತದ ವರದಿ ಕಳಿಸಿದ್ದಾರಾ ಅಂತ ಎಚ್‌ಆರ್‌ನವರನ್ನು ಕೇಳಿ, ಇಎಸ್‌ಐ ಶಾಖಾ ಕಚೇರಿಗೆ ನೀವೇ ಹೋಗಿ.

ಜಮೀನಿನ ಕೇಸು ಬೇರೆ ಥರದ್ದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ತಂದೆ ಆ ವೇಳೆಗೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗಟ್ಟಿ ಮಾಡಿತು. ಅಪ್ಪನ ಸ್ವಂತ ದುಡಿಮೆಯ ಜಮೀನಾಗಿದ್ದು ಅವರು ಉಯಿಲು ಬರೆಯದೆ ಹೋಗಿದ್ದರೆ ಆಗಲೂ ನಿಮಗೆ ಪಾಲಿದೆ. ಖಾತೆ ಅಣ್ಣಂದಿರ ಹೆಸರಿಗಾದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಆದ ಪಾಲುಪತ್ರ ಇದ್ದರೆ ಚಿತ್ರ ಬದಲಾಗುತ್ತದೆ, ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡಿ. ಪಹಣಿ ಮತ್ತು ಮ್ಯುಟೇಶನ್ ನಕಲನ್ನೂ ಜೊತೆಗೇ ತೆಗೆಸಿಡಿ.

ಈ ಕೇಸಿಗೆ ನೀವು ಕುಣಿಗಲ್ ತಾಲ್ಲೂಕು ಸಮಿತಿಯಲ್ಲಿ ನೆರವು ಕೇಳಬಹುದು. ಊರಿನ ಖಾಸಗಿ ವಕೀಲರ ಮೇಲೇ ನಂಬಿಕೆ ಇದ್ದರೆ ಅದೂ ತಪ್ಪಲ್ಲ. ಆದರೆ 50,000 ಯಾವುದಕ್ಕೆ ಅಂತ ಕೇಳಿ. ದಾವೆ ಬರೆಯುವುದಕ್ಕಾ, ಜಮೀನು ಮಾರದಂತೆ ತಡೆಯಾಜ್ಞೆ ತರುವುದಕ್ಕಾ, ಸಾಕ್ಷಿ, ವಾದ ಎಲ್ಲ ಮುಗಿಯುವವರೆಗಾ? ಪಾಲಿನ ದಾವೆ ಬಹಳ ವರ್ಷ ಎಳೆಯುತ್ತದೆ. ಮೊದಲೇ ಪೂರ್ತಿ ಕೊಟ್ಟರೆ ಮೂರನೇ ವರ್ಷ ನಿಮ್ಮ ಫೈಲಿಗೆ ಧೂಳು ಹಿಡಿಯುತ್ತದೆ. ಹಂತ ಹಂತವಾಗಿ ಕೊಡುತ್ತೇನೆ ಅನ್ನಿ: ದಾವೆ ಹಾಕಿದಾಗ ಇಷ್ಟು, ತಡೆಯಾಜ್ಞೆಯ ಅರ್ಜಿ ತೀರ್ಮಾನವಾದಾಗ ಇಷ್ಟು, ಸಾಕ್ಷಿ ಶುರುವಾದಾಗ ಇಷ್ಟು. ಆ ಹಂತಗಳನ್ನು ಅವರ ಲೆಟರ್‌ಹೆಡ್ಡಿನಲ್ಲೇ ಬರೆಸಿಕೊಳ್ಳಿ, ಟೈಪಿಂಗು, ನೋಟರಿ, ಕೋರ್ಟ್ ಶುಲ್ಕ ಒಳಗೋ ಹೊರಗೋ ಅದನ್ನೂ ಬರೆಸಿ. ಹಣ ಕೈಯಲ್ಲಿ ಕೊಡಬೇಡಿ, ಫೋನ್‌ಪೇ ಮಾಡಿ, ದಾಖಲೆ ಉಳಿಯುತ್ತದೆ. ನಾನು ಕಂಡಂತೆ ಮರ್ಯಾದಸ್ಥ ವಕೀಲರು ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಫೀಸು ದೊಡ್ಡದಾಗಿದ್ದಕ್ಕೆ ಜಗಳವಾದದ್ದಕ್ಕಿಂತ ಫೀಸು ಬಾಯಿಮಾತಿನಲ್ಲಿ ಇದ್ದದ್ದಕ್ಕೆ ಜಗಳವಾದದ್ದನ್ನು ನಾನು ಹೆಚ್ಚು ನೋಡಿದ್ದೇನೆ.

ಈ ದಾವೆಯಲ್ಲಿ ಬರವಣಿಗೆ ಎಷ್ಟು ಮುಖ್ಯ ಅಂತ ಒಂದೇ ಉದಾಹರಣೆ ಹೇಳುತ್ತೇನೆ. ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ 35ನೇ ಕಲಮಿನಲ್ಲಿ, ವಾದಿ ಜಮೀನಿನ ಜಂಟಿ ಸ್ವಾಧೀನದಲ್ಲಿದ್ದರೆ ಶುಲ್ಕ ನೂರಿನ್ನೂರು ರೂಪಾಯಿಯ ಮಾತು. ಸ್ವಾಧೀನದಿಂದ ಹೊರಗಿಟ್ಟಿದ್ದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ನಿಮ್ಮ ಸ್ಥಿತಿ ನಿಜವಾಗಿ ಯಾವುದು, ಹಬ್ಬಕ್ಕೆ ಹೋದಾಗ ತೋಟದ ಕಾಯಿ, ರಾಗಿ ಕೊಟ್ಟು ಕಳಿಸುತ್ತಾರಾ, ಅಪ್ಪನ ಮನೆಯ ಕೋಣೆ ನಿಮಗೆ ಬಿಟ್ಟಿದ್ದಾರಾ, ಇದನ್ನೆಲ್ಲ ವಕೀಲರು ಕೂರಿಸಿಕೊಂಡು ಕೇಳಬೇಕು. ಕೇಳದೆ ಹಳೇ ದಾವೆಯ ಒಕ್ಕಣೆಯನ್ನೇ ಹೆಸರು ಬದಲಿಸಿ ಹಾಕಿದರೆ ಆ ವಕೀಲರು ಬೇಡ. ಇನ್ನೊಂದು ಮಾತು, ಅಣ್ಣಂದಿರ ಜೊತೆ ಮಾತು ಪೂರ್ತಿ ಕೆಟ್ಟಿಲ್ಲವಾದರೆ ದಾವೆ ಹಾಕಿದ ಮೇಲೂ ಮಧ್ಯಸ್ಥಿಕೆಗೆ ಕಳಿಸಿ ಅಂತ ಕೋರ್ಟನ್ನು ಕೇಳಿ. ಕೋರ್ಟೇ ಕಳಿಸಿದ ಮಧ್ಯಸ್ಥಿಕೆಗೆ ನೀವು ಫೀಸು ಕೊಡಬೇಕಾಗಿಲ್ಲ. ‘ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ’ ಅನ್ನುವುದು ಇಂಥ ಅಣ್ಣತಮ್ಮಂದಿರ ಜಮೀನಿನ ಕೇಸುಗಳಿಂದಲೇ ಹುಟ್ಟಿದ ಮಾತಿರಬೇಕು.

ಫೀಸಿಗಿಂತ ದುಡಿಯುವವರನ್ನು ಹೆಚ್ಚು ಸುಡುವುದು ಅಲೆದಾಟ. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಾತಿ ಭತ್ಯೆಯೂ ಹೋಗುತ್ತದೆ ಅನ್ನುವುದು ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಂದಲೇ ನಾನು ಕಲಿತದ್ದು. ಹಾಗಾಗಿ ವಕೀಲರನ್ನು ಮೊದಲ ದಿನವೇ ಕೇಳಿ: ನಾವು ಖುದ್ದಾಗಿ ಬರಲೇಬೇಕಾದ ತಾರೀಖು ಯಾವುವು? ಅಪಘಾತದ ಕೇಸಿನಲ್ಲಿ ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲೇ ಆಗುತ್ತದೆ, ಯಜಮಾನರು ಪಾಟೀಸವಾಲಿನ ದಿನ ಬಂದರೆ ಬಹುಮಟ್ಟಿಗೆ ಸಾಕು. ಪ್ರತಿ ಕೇಸಿಗೂ 16 ಅಕ್ಷರ ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು ಅನ್ನುವುದು ಫೋನಿನಲ್ಲೇ ಕಾಣುತ್ತದೆ. ವಕೀಲರು ಹಾಜರಾಗಿಲ್ಲ ಅನ್ನುವುದೂ ಅಲ್ಲಿಯೇ ಗೊತ್ತಾಗುತ್ತದೆ.

ನಿಮ್ಮ ಪ್ರಶ್ನೆ ನಿಮ್ಮೊಬ್ಬರದಲ್ಲ, ಆದ್ದರಿಂದ ಸರ್ಕಾರ ಮತ್ತು ನಮ್ಮ ವಕೀಲರ ಸಮುದಾಯಕ್ಕೂ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಬಿದ್ದ ಬಡವರಿಗಾಗಿ 2022ರಿಂದ ಜಿಲ್ಲೆಗಳಲ್ಲಿ ತಿಂಗಳ ಸಂಬಳದ, ಪೂರ್ಣಾವಧಿಯ ರಕ್ಷಣಾ ವಕೀಲರ ಕಚೇರಿಗಳು ಶುರುವಾದವು. ಬೇರೆ ಪ್ರಾಕ್ಟೀಸು ಇಲ್ಲ, ಅದೇ ಕೆಲಸ. ಅದು ಸರಿಯಾದ ದಾರಿ. ಅಪಘಾತ, ಪಾಲು, ಸಂಬಳ ಬಾಕಿ, ಬಾಡಿಗೆ ಮನೆ ಇಂಥ ಸಿವಿಲ್ ಕೇಸುಗಳಿಗೂ ಹಾಗೊಂದು ಕಚೇರಿ ಬೇಕು. ಅಲ್ಲಿಯವರೆಗೆ ಪ್ಯಾನೆಲ್ ವಕೀಲರಿಗೆ ಬದುಕುವಷ್ಟು ಸಂಭಾವನೆಯನ್ನಾದರೂ ಹೊತ್ತಿಗೆ ಸರಿಯಾಗಿ ಕೊಡಬೇಕು. ಪ್ರತಿ ವರ್ಷ ಕಾರ್ಮಿಕರ ಸಂಬಳದಿಂದ ಕಾರ್ಮಿಕ ಕಲ್ಯಾಣ ನಿಧಿಗೆ ಸ್ವಲ್ಪ ಕಡಿತವಾಗುತ್ತದೆ, ಮಾಲೀಕರೂ ಸರ್ಕಾರವೂ ತಮ್ಮ ಪಾಲು ಹಾಕುತ್ತಾರೆ. ಆ ನಿಧಿಯಿಂದ ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆಯಂಥ ಕಡೆ ಭಾನುವಾರ ತೆರೆದಿರುವ ಒಂದು ವಕೀಲರ ಕೊಠಡಿ ನಡೆಸಿದರೆ ಎಷ್ಟೋ ಮನೆಗಳು ದಲ್ಲಾಳಿಯ ಕೈಗೆ ಬೀಳುವುದು ತಪ್ಪುತ್ತದೆ. ಕೋರ್ಟು ತೆರೆಯುವುದು ಶಿಫ್ಟ್ ನಡೆಯುವ ಹೊತ್ತಿನಲ್ಲೇ, ನೆರವಿನ ಕಚೇರಿಯೂ ಹಾಗೆಯೇ. ದುಡಿಯುವವರು ಬರುವುದು ಯಾವಾಗ? ಕಾರ್ಮಿಕ ಸಂಘಗಳೂ ಇದನ್ನು ಬೇಡಿಕೆಯಾಗಿ ಎತ್ತಬೇಕು. ನಾನು ಸಂಘದ ಸಭೆಗಳಿಗೆ ಕರೆದಾಗಲೆಲ್ಲ ಹೋಗಿ ಇದನ್ನೇ ಹೇಳುತ್ತಿದ್ದೇನೆ.

ನೀವು ಕಚೇರಿಗೆ ಹೋಗುವ ದಿನ ಯಜಮಾನರನ್ನೂ ಆಟೋದಲ್ಲಿ ಕರೆದೊಯ್ಯಿರಿ, ಅವರ ಅರ್ಜಿಗೆ ಅವರದೇ ಸಹಿ ಬೇಕು. ಎಫ್‌ಐಆರ್, ಡಿಸ್‌ಚಾರ್ಜ್ ಸಮರಿ, ಅಪಘಾತಕ್ಕೆ ಮುಂಚಿನ ಮೂರು ತಿಂಗಳ ಸಂಬಳದ ಚೀಟಿ, ಫ್ಯಾಕ್ಟರಿ ಗುರುತಿನ ಚೀಟಿ, ಆಧಾರ್ ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸು ತೆಗೆದುಕೊಳ್ಳಿ. ಹೊರಡುವ ಮುಂಚೆ ಇವತ್ತು ರಾತ್ರಿಯೇ ಡಿಸ್‌ಚಾರ್ಜ್ ಸಮರಿಯ ಮೊದಲ ಪುಟ ತೆಗೆದು, ಗಾಯ ಹೇಗಾಯಿತು ಅಂತ ಬರೆದಿರುವ ಸಾಲನ್ನು ಇಂಗ್ಲಿಷ್ ಬಲ್ಲ ಯಾರಿಂದಲಾದರೂ ಓದಿಸಿಕೊಳ್ಳಿ. ಅಲ್ಲಿ ಕ್ಯಾಂಟರಿನ ಮಾತು ಇಲ್ಲದಿದ್ದರೆ ವಕೀಲರ ಎದುರು ಕೂತಾಗ ಮೊದಲು ಅದನ್ನೇ ಹೇಳಿ.